ಮರೆತ ಎರಡು ಮಾತು

ಡಿಸೆಂಬರಿನಲ್ಲಿ ಕ್ಯಾರಲ್ಸ್ ಮುಗಿಸಿ ಬಂದ ರಾತ್ರಿ ನಮ್ಮ ಸಭೆಯ ಹುಡುಗರಿಗೆ ನಿದ್ದೆ ಹತ್ತುವುದಿಲ್ಲ. ಹದಿನೈದು ಮನೆ ಸುತ್ತಿ, ಹದಿನೈದು ಮನೆಯ ಕೇಕು ತಿಂದು, ಗಂಟಲು ಕಟ್ಟಿಸಿಕೊಂಡು ಬಂದವರು ನಮ್ಮ ಮನೆಯ ಹಿತ್ತಲಲ್ಲಿ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕುತ್ತಾರೆ. ಗಿಟಾರು ಗೋಡೆಗೆ ಒರಗಿರುತ್ತದೆ. ಕ್ರಿಸ್ಮಸ್ ತಾತನ ಗಡ್ಡ ಯಾರದೋ ಮೊಣಕಾಲ ಮೇಲೆ ಒಣಗುತ್ತಿರುತ್ತದೆ. ಆಗ ಒಬ್ಬನಾದರೂ ಕೇಳುತ್ತಾನೆ: "ಅಯ್ನೋರೆ, ಆ ಹೆಡತಲೆ ಅಜ್ಜಿ ಕಥೆ ಹೇಳಿ."

ನಾಲ್ಕೈದು ಸಲ ಹೇಳಿದ್ದೇನೆ. ಹೇಳಿದಷ್ಟು ಸಲವೂ ಆ ಕಥೆಯಲ್ಲಿ ನಾನು ಸ್ವಲ್ಪ ಸ್ವಲ್ಪವೇ ಒಳ್ಳೆಯವನಾಗುತ್ತಾ ಬಂದಿದ್ದೇನೆ. ಹೋದ ವರ್ಷ ನನ್ನ ಹೆಂಡತಿ ಇದನ್ನು ಎಲ್ಲರ ಎದುರೇ ಹೇಳಿಬಿಟ್ಟಳು. "ಅವತ್ತು ರಾತ್ರಿ ನೀವೇನೂ ಅಳಲಿಲ್ಲ. ಊಟ ಮಾಡಿ ಮಲಗಿದ್ರಿ" ಎಂದಳು. ಅದಕ್ಕೇ ಈ ಸಲ ಬರೆದು ಇಡುತ್ತಿದ್ದೇನೆ. ಇನ್ನು ತಿದ್ದಲು ಬರಬಾರದು.

2020ರಲ್ಲಿ ನಾನು ನಂಜನಗೂಡಿನಲ್ಲಿದ್ದೆ. ಪೇಟೆಯ ಸಭೆ ಒಂದು, ಅದರ ಸುತ್ತ ಹಳ್ಳಿಗಳಲ್ಲಿ ಚೆದುರಿದ ಮನೆಗಳು ಹಲವು. ಒಂದೂರಲ್ಲಿ ಎರಡು ಮನೆ, ಇನ್ನೊಂದೂರಲ್ಲಿ ಮೂರು. ಹೆಡತಲೆಯ ಹೆಸರಿನ ಎದುರು ನನ್ನ ಪಟ್ಟಿಯಲ್ಲಿ ಇದ್ದದ್ದು ಒಬ್ಬರೇ, ಎಂಬತ್ತರ ಮೇಲಿನ ಒಬ್ಬ ಅಜ್ಜಿ. ಮೊಮ್ಮಗ ಇದ್ದ. ಆದರೆ ಅವನು ಕೀಬೋರ್ಡು, ಡ್ರಮ್ಮು, ಬಣ್ಣದ ದೀಪ ಇರುವ ಮೈಸೂರಿನ ಒಂದು ಹೊಸ ಸಭೆಗೆ ಸೇರಿಕೊಂಡಿದ್ದ. ನಮ್ಮ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಪೆನ್ಸಿಲಿನ ಗೆರೆ ಬಿದ್ದಿತ್ತು. ಪೆನ್ಸಿಲಿನಲ್ಲಿ ಏಕೆ ಅಂದರೆ, ಇಂಥವರು ಮದುವೆಯ ಹೊತ್ತಿಗೆ ಹಳೆಯ ಸಭೆಗೇ ವಾಪಸು ಬರುವುದುಂಟು.

ಹೆಡತಲೆ ಅಂದರೆ ತಿಳಿದವರಿಗೆ ನೆನಪಾಗುವುದು ಲಕ್ಷ್ಮೀಕಾಂತ ದೇವಸ್ಥಾನ. ಹೊಯ್ಸಳರ ಕಾಲದ್ದು, ಮೂರು ಗರ್ಭಗುಡಿಯದ್ದು. ಅಲ್ಲಿನ ಚಾವಡಿಗೆ ಹದಿನಾರು ಮುಖದ ಚಾವಡಿ ಎಂದು ಹೆಸರು. ಹಿಂದೆ ಅಲ್ಲಿ ಆಳುತ್ತಿದ್ದ ಒಬ್ಬ ನಾಯಕನಿಗೆ ಹದಿನಾರು ಜನ ಅಳಿಯಂದಿರಂತೆ. ಯಾರನ್ನು ಮೇಲೆ ಕೂರಿಸಿ ಯಾರನ್ನು ಕೆಳಗೆ ಕೂರಿಸಿದರೂ ಜಗಳ. ಕೊನೆಗೆ ಹದಿನಾರು ಮುಖದ ಚಾವಡಿ ಕಟ್ಟಿಸಿ ಒಬ್ಬೊಬ್ಬನಿಗೂ ಒಂದೊಂದು ಜಾಗ ಮಾಡಿಕೊಟ್ಟನಂತೆ. ಈ ಕಥೆಯನ್ನು ನನಗೆ ಹೇಳಿದ್ದು ಅಜ್ಜಿಯೇ. ನಾನು ನಕ್ಕೆ. "ನಮ್ಮ ಕಮಿಟಿಗೂ ಇಂಥದೊಂದು ಕಟ್ಟಿಸಬೇಕಜ್ಜಿ" ಅಂದೆ. ಆ ವರ್ಷ ನಮ್ಮಲ್ಲಿ ಕಮಿಟಿ ಚುನಾವಣೆ ಆಗಿತ್ತು. ಕಾಣಿಕೆ ತಟ್ಟೆ ಯಾರು ಹಿಡಿಯಬೇಕು ಎಂಬುದಕ್ಕೆ ಇಬ್ಬರು ದೊಡ್ಡ ಮನುಷ್ಯರು ಮಾತು ಬಿಟ್ಟಿದ್ದರು. ಅಜ್ಜಿ ನಗಲಿಲ್ಲ. "ಹದಿನಾರು ಜನುಕ್ಕೂ ಜಾಗ ಆಯ್ತು ಅಯ್ನೋರೆ. ಹೆಣ್ಮಕ್ಳು ಎಲ್ಲಿ ಕೂತ್ರು ಅಂತ ಕತೆಲಿ ಇಲ್ವಲ್ಲ" ಅಂದರು.

ಅಜ್ಜಿಯ ಅಪ್ಪ ಉಪದೇಶಿಯಾಗಿದ್ದವರು. ಈಗಿನವರಿಗೆ ಉಪದೇಶಿ ಅಂದರೆ ಯಾರೆಂದು ಬಿಡಿಸಿ ಹೇಳಬೇಕು. ದೀಕ್ಷೆ ಪಡೆದ ಪಾಸ್ಟರ್ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬಂದರೆ, ಉಳಿದ ದಿನಗಳಲ್ಲಿ ಸಭೆ ನಡೆಯುತ್ತಿದ್ದುದು ಉಪದೇಶಿಯ ಕಾಲ ಮೇಲೆ. ಮಕ್ಕಳಿಗೆ ಅಕ್ಷರ ಕಲಿಸುವವನು ಅವನೇ, ಸತ್ತರೆ ಮಣ್ಣಿಗಿಡುವವನು ಅವನೇ, ಹಾರ್ಮೋನಿಯಂ ಬಾರಿಸಿ ಕಥಾಕಾಲಕ್ಷೇಪ ಮಾಡುವವನೂ ಅವನೇ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಮಿಶನರಿಗಳ ಫೋಟೋ ನಮ್ಮ ಹಳೆಯ ದೇವಾಲಯಗಳ ಗೋಡೆಯಲ್ಲಿ ಈಗಲೂ ತೂಗುತ್ತದೆ. ಉಪದೇಶಿಗಳದ್ದು ಒಂದೂ ಇಲ್ಲ. ಬರೆಯುವಾಗಲೂ ಅಷ್ಟೇ, ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು ಎನ್ನುತ್ತೇವೆ. ಕಿಟ್ಟೆಲರ ಎದುರು ಕೂತು ಒಂದೊಂದು ಮಾತಿಗೂ ಅರ್ಥ ಹೇಳಿದ ಹಳ್ಳಿಯವರನ್ನು ಕೇಳುವವರಿಲ್ಲ. ಇದು ನನ್ನ ಹಳೆಯ ಜಗಳ. ಇಲ್ಲಿಗೆ ಬಿಡುತ್ತೇನೆ.

ಈಗ ಕಥೆಗೆ ಬರೋಣ. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿತ್ತು. ಎರಡು ದಿನ ಕಳೆಯುವುದರೊಳಗೆ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ನೌಕರನಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ಆಮೇಲೆ ಅವನ ಜೊತೆ ಕೆಲಸ ಮಾಡುವವರು, ಅವರ ಮನೆಯವರು ಅಂತ ದಿನಕ್ಕೊಂದಿಷ್ಟು. ಮೈಸೂರು ಜಿಲ್ಲೆಯ ಕೇಸುಗಳಲ್ಲಿ ಬಹುಪಾಲಿಗೆ ಆ ಒಂದು ಕಾರ್ಖಾನೆಯ ನಂಟು. ನಂಜುಂಡೇಶ್ವರನ ಊರು ಟಿ.ವಿ.ಯಲ್ಲಿ ಕೆಂಪು ಬಣ್ಣದ ಊರಾಯಿತು. ಸುತ್ತಲ ಹಳ್ಳಿಯವರು ದಾರಿಗೆ ಮುಳ್ಳು ಎಳೆದರು. ಅಜ್ಜಿಯ ಮೊಮ್ಮಗ ಕೆಲಸ ಮಾಡುತ್ತಿದ್ದುದು ಬೇರೆ ಫ್ಯಾಕ್ಟರಿಯಲ್ಲಿ. ಆದರೆ ಇಂಡಸ್ಟ್ರಿಯಲ್ ಏರಿಯಾ ಎಂಬ ಮಾತೇ ಸಾಕಾಗಿತ್ತು. ಅವನು ನಂಜನಗೂಡಿನ ರೂಮಿನಲ್ಲೇ ಉಳಿದ. ಅಜ್ಜಿ ಒಬ್ಬರೇ ಆದರು.

ಏಪ್ರಿಲ್ 5 ಗರಿಗಳ ಭಾನುವಾರ. ಪ್ರತಿ ವರ್ಷ ಮಕ್ಕಳು ತೆಂಗಿನ ಗರಿ ಹಿಡಿದು ದೇವಾಲಯ ಸುತ್ತುತ್ತಿದ್ದರು. ಆ ವರ್ಷ ನಾನೂ ನನ್ನ ಹೆಂಡತಿಯೂ ಮನೆಯೊಳಗೆ ಒಂದೊಂದು ಗರಿ ಹಿಡಿದು ನಿಂತೆವು. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಹೇಳಿದ್ದರಲ್ಲ, ಅದೂ ಅದೇ ದಿನ. ಬೀದಿಯಲ್ಲಿ ಯಾರೋ ಪಟಾಕಿಯನ್ನೂ ಹೊಡೆದರು.

ಆ ವಾರದಲ್ಲಿ ನಾನು ಮೊಬೈಲ್ ಪಾಸ್ಟರ್ ಆದೆ. ಒಬ್ಬ ಹುಡುಗ ಫೋನಿನಲ್ಲೇ ಎಲ್ಲ ಹೇಳಿಕೊಟ್ಟ. ಲೈವ್ ಹೋಗುವುದು ಹೇಗೆ, ಬೆಳಕು ಎಲ್ಲಿಂದ ಬೀಳಬೇಕು, ಕಣ್ಣು ಎಲ್ಲಿಡಬೇಕು. ಸ್ಟ್ಯಾಂಡ್ ಇರಲಿಲ್ಲ. ಸೇರನ್ನು ಬೋರಲು ಹಾಕಿ, ಅದರ ಮೇಲೆ ದಪ್ಪ ಸತ್ಯವೇದ ಇಟ್ಟು, ಅದಕ್ಕೆ ಫೋನು ಆನಿಸಿದೆ. ಸತ್ಯವೇದವನ್ನು ನಾನು ಓದಲು ಬಳಸದೆ ಒರಗಿಸಲು ಬಳಸಿದ್ದು ಅದೇ ಮೊದಲು. ಪರದೆಯ ಮೂಲೆಯಲ್ಲಿ ಒಂದು ಕಣ್ಣಿನ ಚಿತ್ರ, ಪಕ್ಕದಲ್ಲಿ ಅಂಕಿ. ಮೂವತ್ತು, ಅರವತ್ತು, ನೂರಹತ್ತು. ನಮ್ಮ ದೇವಾಲಯದಲ್ಲಿ ಭಾನುವಾರ ಸೇರುತ್ತಿದ್ದುದೇ ಅರವತ್ತು ಎಪ್ಪತ್ತು ಜನ. ಕುವೈತಿನಿಂದ, ಬೆಂಗಳೂರಿನಿಂದ, ಹತ್ತು ವರ್ಷದಿಂದ ಮುಖ ತೋರಿಸದವರೆಲ್ಲ "ಆಮೆನ್ ಅಯ್ನೋರೆ" ಎಂದು ಟೈಪ್ ಮಾಡುತ್ತಿದ್ದರು. ಪ್ರಸಂಗದ ನಡುವೆ ನನ್ನ ಕಣ್ಣು ಆ ಅಂಕಿಯ ಕಡೆಗೇ ಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು.

ಗುರುವಾರ ಸಂಜೆ ಅಜ್ಜಿಯ ಫೋನು. ಹಳೆಯ ಬಟನ್ ಫೋನು ಅವರದ್ದು. ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಅವರಿಗೆ ಬೇಕಿದ್ದದ್ದು ಇನ್ನೊಂದೇ ಗುಂಡಿ. ನನ್ನ ನಂಬರನ್ನು ಆ ಗುಂಡಿಗೆ ಮೊಮ್ಮಗ ಹಾಕಿಕೊಟ್ಟಿದ್ದ.

"ಸ್ತೋತ್ರ ಅಯ್ನೋರೆ. ನಾಳ್ಕ ಶುಭ ಶುಕ್ರವಾರ ಅಲ್ವಾ?"

"ಹೌದಜ್ಜಿ. ಹನ್ನೆರಡರಿಂದ ಮೂರರವರೆಗೆ ಏಳು ಮಾತಿನ ಆರಾಧನೆ, ಫೋನಲ್ಲೇ ಬರುತ್ತೆ."

"ನನ್ನ ಫೋನ್ಲಿ ಬತ್ತದಾ?"

"ನಿಮ್ಮದರಲ್ಲಿ ಬರಲ್ಲ ಅಜ್ಜಿ. ಪಕ್ಕದ ಮನೆಯಲ್ಲಿ ದೊಡ್ಡ ಫೋನ್ ಇದ್ರೆ..."

"ಅವ್ರ ಮನ್ಗ ಈಗ ಹೋಗಂಗಿಲ್ಲ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನೀವೇ ಒಂದು ಫೋನ್ ಮಾಡ್ಬುಡಿ. ಮೂರು ನಿಮಿಷ ಆದ್ರೂ ಸಾಕು" ಅಂದರು. ಮಾಡುತ್ತೇನೆ ಅಂದೆ.

ಮಾಡಲಿಲ್ಲ.

ಶುಕ್ರವಾರ, ಏಪ್ರಿಲ್ 10. ಮಧ್ಯಾಹ್ನದ ಬಿಸಿಲಿಗೆ ಫೋನು ಕಾದು ಎರಡು ಸಲ ನಿಂತಿತು. ನೆಟ್‌ವರ್ಕ್ ಹೋಗಿ ಬಂದು ಮಾಡಿತು. ಮೂರನೇ ಮಾತಿನ ಹೊತ್ತಿಗೆ ಬೀದಿಯಲ್ಲಿ ಪೊಲೀಸ್ ಜೀಪಿನ ಮೈಕು. ಆದರೂ ಕೊನೆಯ ಮಾತಿಗೆ ಬಂದಾಗ ಅಂಕಿ ಇನ್ನೂರು ದಾಟಿತ್ತು. ಸಾಯಂಕಾಲ ಅದನ್ನು ಇನ್ನೊಬ್ಬ ಪಾಸ್ಟರ್ ಗೆಳೆಯನಿಗೆ ಹೇಳಿದೆ. ಅವನು ತನ್ನದು ನಾನೂರು ಎಂದ. ಸ್ವಲ್ಪ ಬೇಜಾರಾಯಿತು. ರಾತ್ರಿ ಫೋನು ಚಾರ್ಜಿಗೆ ಹಾಕುವಾಗ ನೋಡಿದರೆ ಹೆಡತಲೆಯಿಂದ ಐದು ಮಿಸ್ಡ್ ಕಾಲ್. ಐದೂ ಹನ್ನೆರಡೂವರೆಯಿಂದ ಎರಡು ಗಂಟೆಯ ನಡುವಿನವು. ಲೈವ್ ನಡುವೆ ಯಾರ ಕರೆಯೂ ತೊಂದರೆ ಕೊಡದ ಹಾಗೆ ಮಾಡಲು ಆ ಹುಡುಗ ಹೇಳಿಕೊಟ್ಟಿದ್ದ. ಈಗ ಅಜ್ಜಿ ಮಲಗಿರುತ್ತಾರೆ ಅಂದುಕೊಂಡೆ. ಆಮೇಲೆ, ನನ್ನ ಹೆಂಡತಿ ಹೇಳಿದ ಹಾಗೆ, ಊಟ ಮಾಡಿ ಮಲಗಿದೆ.

ಶನಿವಾರ ಬೆಳಿಗ್ಗೆ ಫೋನ್ ಮಾಡಿದಾಗ ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಅಜ್ಜಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅವಸರ ಇತ್ತು.

"ಅಯ್ನೋರೆ, ಎರಡು ಮಾತು ಮರ್ತೋದೊ. ಅದ್ಕೇ ಫೋನ್ ಮಾಡ್ದೆ."

ನಡೆದದ್ದು ಇಷ್ಟು. ನಾನು ಫೋನ್ ಮಾಡುತ್ತೇನೆಂದು ಹನ್ನೆರಡರವರೆಗೆ ಕಾದಿದ್ದಾರೆ. ಮಾಡಲಿಲ್ಲ. ತಾವೇ ಜಗಲಿಗೆ ಬಂದು ಚಾಪೆ ಹಾಕಿ ಕೂತು ತಮಗೆ ಬಾಯಿಪಾಠ ಇದ್ದ ಸಂಗೀತ ಹಾಡಿದ್ದಾರೆ. ಹಾಡು ಕೇಳಿ ಪಕ್ಕದ ಮನೆಯ ಮೂರು ಮಕ್ಕಳು ಬೀದಿಯ ಆ ಕಡೆ, ಬೇವಿನ ಮರದ ಬುಡದಲ್ಲಿ ಕೂತಿವೆ. ಶಾಲೆಯಿಲ್ಲ, ಆಟವಿಲ್ಲ, ಕಾರ್ಟೂನಿಗೆ ಕರೆಂಟಿಲ್ಲ. "ಏನಜ್ಜಿ ಅದು" ಎಂದು ಕೇಳಿವೆ. ಶಿಲುಬೆಯ ಮೇಲೆ ಸಾಯುತ್ತಿದ್ದವನು ಏಳು ಮಾತು ಆಡಿದ, ಅದರ ಹಾಡು ಅಂದಿದ್ದಾರೆ ಅಜ್ಜಿ. ಯಾವ ಏಳು ಮಾತು ಎಂದು ದೊಡ್ಡ ಹುಡುಗಿ ಕೇಳಿದ್ದಾಳೆ. ಅಜ್ಜಿ ಬೆರಳು ಮಡಚಿ ಹೇಳುತ್ತಾ ಹೋದರೆ ಐದಕ್ಕೆ ನಿಂತುಬಿಟ್ಟಿತು. ಫೋನ್ ಒತ್ತಿದ್ದಾರೆ. ಮಕ್ಕಳು ಕಾದಿವೆ. ಮತ್ತೆ ಒತ್ತಿದ್ದಾರೆ.

"ಐದು ಸಾಕಾಗಲ್ವಾ ಅಜ್ಜಿ ಅಂತು ಚಿಕ್ಕದು. ಏಳು ಅಂದ್ಬುಟ್ಟಿದ್ದೆನಲ್ಲ, ಮಾನ ಹೋಯ್ತು ಕನಯ್ನೋರೆ."

"ಯಾವುದ್ಯಾವುದು ಹೇಳಿದ್ರಿ?" ಅಂದೆ.

ನೀರು ಕೇಳಿದ್ದು. ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ್ದು. ದೇವರೇ ಯಾಕೆ ಕೈಬಿಟ್ಟೆ ಎಂದದ್ದು. ಮುಗಿಯಿತು ಎಂದದ್ದು. ಆತ್ಮ ಒಪ್ಪಿಸಿದ್ದು. ಉಳಿದ ಎರಡು ಯಾವುವು ಎಂದು ಹೇಳಲು ನಾನು ಬಾಯಿ ತೆರೆದೆ, ಬಾಯಿಗೆ ಬರಲಿಲ್ಲ. ಹಿಂದಿನ ದಿನವಷ್ಟೇ ಮೂರು ಗಂಟೆ ಅದನ್ನೇ ಕೊರೆದವನು ನಾನು. ಇಪ್ಪತ್ತೆರಡು ವರ್ಷದಿಂದ ಪ್ರತಿ ಶುಭ ಶುಕ್ರವಾರ ಕೊರೆದವನು. ಫೋನನ್ನು ಹೆಗಲಿಗೂ ಕಿವಿಗೂ ಸಿಕ್ಕಿಸಿಕೊಂಡು ನಾನೂ ಬೆರಳು ಮಡಚಬೇಕಾಯಿತು. ಪಕ್ಕದಲ್ಲಿ ಅವರೆಕಾಳು ಆರಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ "ಕಳ್ಳ" ಎಂದಳು. ನನ್ನನ್ನೇ ಅಂದಳೋ ಅಂತ ಒಂದು ಗಳಿಗೆ ಅನುಮಾನವಾಯಿತು.

"ಕಳ್ಳನಿಗೆ ಹೇಳಿದ್ದು ಅಜ್ಜಿ. ಇವತ್ತೇ ನನ್ನ ಸಂಗಡ ಪರಲೋಕಕ್ಕೆ ಬರ್ತೀಯ ಅಂತ."

"ಅಯ್ಯೋ! ಕಳ್ಳಂದ್ನೇ ಮರ್ತುಬುಟ್ನಲ್ಲ. ಇನ್ನೊಂದು?"

"ಮೊದಲನೇದು. ಹೊಡೆದವರನ್ನ ಕ್ಷಮಿಸು ಅಂತ ಬೇಡಿದ್ದು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ, ಮಕ್ಳು ಎದ್ದವಾ ನೋಡ್ತೀನಿ" ಎಂದು ಕೆಂಪು ಗುಂಡಿ ಒತ್ತಿದರು.

ಮರುದಿನ ಈಸ್ಟರ್. ಬೆಳಿಗ್ಗೆ ಐದಕ್ಕೇ ನಾನೇ ಮೊದಲು ಫೋನ್ ಮಾಡಿದೆ. ಪುನರುತ್ಥಾನದ ಪಾಠ ಓದಿದೆ, ಪ್ರಾರ್ಥನೆ ಮಾಡಿದೆ. ಎಲ್ಲ ಮುಗಿದ ಮೇಲೆ ಅಜ್ಜಿ ಕೇಳಿದರು: "ಮತ್ತೆ ಕರ್ತನ ಭೋಜನ? ಫೋನ್ಲಿ ರೊಟ್ಟಿ ಬತ್ತದಾ?"

ಇದು ಅಜ್ಜಿಯೊಬ್ಬರ ಪ್ರಶ್ನೆಯಾಗಿರಲಿಲ್ಲ. ಆ ತಿಂಗಳು ಲೋಕದ ಸಭೆಗಳೆಲ್ಲ ಇದನ್ನೇ ಕೇಳಿಕೊಳ್ಳುತ್ತಿದ್ದವು. ರೋಮಿನಲ್ಲಿ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ, ಒಂದು ನರಪಿಳ್ಳೆಯಿಲ್ಲದ ಚೌಕದ ಎದುರು ನಿಂತು ಆಶೀರ್ವಾದ ಕೊಟ್ಟಿದ್ದನ್ನು ಎಲ್ಲರೂ ನೋಡಿದ್ದೆವು. ನಮ್ಮ ಕಡೆ ಕೆಲವರು ಟಿ.ವಿ. ಮುಂದೆ ಬ್ರೆಡ್ಡಿನ ಚೂರು, ದ್ರಾಕ್ಷಿ ರಸ ಇಟ್ಟುಕೊಳ್ಳಿ, ಇಲ್ಲಿಂದಲೇ ಪ್ರತಿಷ್ಠೆ ಮಾಡುತ್ತೇವೆ ಎಂದರು. ಕೂಡದು, ಕೂಡಿ ಬಾರದೆ ಭೋಜನವಿಲ್ಲ ಎಂದರು ಇನ್ನು ಕೆಲವರು. ನಾನು ಎರಡನೆಯವರ ಕಡೆ. ದೇವರ ಕೃಪೆಗೆ ನೆಟ್‌ವರ್ಕ್ ಸಿಗುವುದಿಲ್ಲ ಅಂತಲ್ಲ. ಕೈಯಿಂದ ಕೈಗೆ ಕೊಡುವುದನ್ನು ಕೈಯಿಂದ ಕೈಗೇ ಕೊಡಬೇಕು ಎಂಬ ಹಳ್ಳಿಗಾಡಿನ ಹಟ. ಹಾಗೆಂದು ನಾನು ಪರದೆಯ ವಿರೋಧಿಯಲ್ಲ. ಕುವೈತಿನಿಂದ ನೋಡುತ್ತಿದ್ದ ಒಬ್ಬ ಹುಡುಗ ಈಗಲೂ ಪ್ರತಿ ಭಾನುವಾರ ನಮ್ಮ ಆರಾಧನೆ ನೋಡುತ್ತಾನೆ, ಅವನಿಗೆ ಅದೇ ಸಭೆ. ಆದರೆ ಅದೇ ಪರದೆಯಲ್ಲಿ ಮಾರನೇ ವರ್ಷ ಏನೇನು ಹರಿದಾಡಿತು! ಪ್ರಾರ್ಥನೆ ಸಾಕು, ಲಸಿಕೆ ಬೇಡ ಎಂಬ ಪ್ರಸಂಗಗಳು. ಇನ್ನೂರು ವರ್ಷಕ್ಕೂ ಹಿಂದೆ ಇದೇ ಮೈಸೂರು ಸೀಮೆಯಲ್ಲಿ ಜನ ದೊಡ್ಡಸ್ವಾಮಿಯೋರು ಎಂದು ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಸಿಡುಬಿನ ಲಸಿಕೆಗಾಗಿ ಹಳ್ಳಿ ಹಳ್ಳಿ ತಿರುಗಿದ್ದರು ಎಂಬುದನ್ನು ಅವರಿಗೆ ಯಾರು ಹೇಳಬೇಕು?

ಅಜ್ಜಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಪರದೆಯಲ್ಲಿ ಬರಲ್ಲ ಅಜ್ಜಿ, ನಾನೇ ತರ್ತೀನಿ" ಅಂದೆ.

"ಪರದೆ ನನ್ಗ ಗೊತ್ತಿಲ್ವಾ? ಪಂಚೆ ಹಿಡ್ಕಂಡು ನಿಂತಿದ್ದೋಳೇ ನಾನು" ಅಂದರು. ಅವರ ಚಿಕ್ಕಂದಿನಲ್ಲಿ ಅಪ್ಪ ಮ್ಯಾಜಿಕ್ ಲ್ಯಾಂಟರ್ನ್ ಪೆಟ್ಟಿಗೆ ಹೊತ್ತು ಊರೂರಿಗೆ ಹೋಗುತ್ತಿದ್ದರಂತೆ. ಗಾಜಿನ ಮೇಲೆ ಬರೆದ ಚಿತ್ರ, ಹಿಂದೆ ದೀಪ, ಮುಂದೆ ಬಿಳಿ ಪಂಚೆ. ಕಟ್ಟಲು ಕಂಬ ಸಿಗದ ಕಡೆ ಪಂಚೆಯ ಒಂದು ತುದಿ ಅವ್ವ, ಇನ್ನೊಂದು ತುದಿ ಇವರು. ಗಾಳಿ ಬಂದರೆ ಗಲಿಲಾಯ ಸಮುದ್ರ ನಿಜವಾಗಿಯೇ ಅಲೆಯಾಡುತ್ತಿತ್ತಂತೆ. "ಕೈ ಸೋತು ಪಂಚೆ ಇಳುದ್ರೆ, ಜನ ಯೇಸುಸ್ವಾಮಿ ಮುಳುಗ್ದ ಅಂತ ಕೂಗರು" ಎಂದು ನಕ್ಕರು. ಲಾಕ್‌ಡೌನ್ ಶುರುವಾದ ಮೇಲೆ ನಾನು ಕೇಳಿದ ಮೊದಲ ಮನಸಾರೆ ನಗು ಅದು.

ತರುತ್ತೇನೆ ಅಂದದ್ದು ಏಪ್ರಿಲಿನಲ್ಲಿ. ಹೋಗಲಾದದ್ದು ಜೂನಿನಲ್ಲಿ. ಜೂನ್ 8ರಿಂದ ದೇವಸ್ಥಾನ, ಮಸೀದಿ, ಚರ್ಚು ತೆರೆಯಬಹುದು ಎಂದು ಸರ್ಕಾರ ಹೇಳಿತು. ಜೊತೆಗೆ ನಿಯಮಗಳು. ಹಾಡುವ ತಂಡ ಕೂಡದು, ರೆಕಾರ್ಡ್ ಹಾಕಿಕೊಳ್ಳಬಹುದು. ಪ್ರಸಾದ ಹಂಚಬಾರದು. ಅರವತ್ತೈದು ದಾಟಿದವರು ಮನೆಯಲ್ಲೇ ಇರಬೇಕು. ಓದಿ ತಲೆ ಮೇಲೆ ಕೈ ಹೊತ್ತೆ. ಸೆಕೆ, ಮಳೆ ಎನ್ನದೆ ಭಾನುವಾರ ತಪ್ಪದೆ ಬರುವವರೇ ಅರವತ್ತೈದು ದಾಟಿದವರು. ಉಳಿದವರು ಲೈವ್‌ಗೆ ಒಗ್ಗಿಹೋಗಿದ್ದರು. ನೈಟಿಯಲ್ಲೇ ಆರಾಧನೆ, ದೋಸೆ ಹುಯ್ಯುತ್ತಲೇ ಪ್ರಸಂಗ. ಈ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ.

ಆ ವಾರದ ಒಂದು ಬೆಳಿಗ್ಗೆ, ರೋಗಿಗಳ ಮನೆಗೆ ಒಯ್ಯುವ ಚಿಕ್ಕ ಪೆಟ್ಟಿಗೆ ಸ್ಕೂಟರಿನಲ್ಲಿಟ್ಟುಕೊಂಡು ಹೊರಟೆ. ಬೆರಳುದ್ದದ ಬಟ್ಟಲು, ಒಂದು ತಟ್ಟೆ, ಒಂದು ಸೀಸೆ, ಅಷ್ಟೇ. ರೊಟ್ಟಿ ನನ್ನ ಹೆಂಡತಿ ಬೆಳಿಗ್ಗೆ ಸುಟ್ಟದ್ದು. ಊರ ಬಾಗಿಲಲ್ಲೇ ಇಬ್ಬರು ಹುಡುಗರು ತಡೆದರು. "ಎಲ್ಲಿಂದ ಬಂದ್ರಿ?" ನಂಜನಗೂಡು ಅಂದೆ. ಎರಡು ಹೆಜ್ಜೆ ಹಿಂದೆ ಸರಿದರು. ಪೆಟ್ಟಿಗೆಯಲ್ಲಿ ಏನು, ಯಾರ ಮನೆ, ಯಾಕೆ. ಅವರ ಭಯ ಬರೀ ಕೊರೋನಾದ್ದು. ಈಗ ನೆನೆದರೆ ಅದೊಂದು ನೆಮ್ಮದಿ. 2022ರಲ್ಲಿ ಮತಾಂತರ ತಡೆಯುವ ಕಾನೂನು ಬಂತು, 2023ರ ಜೂನಿನಲ್ಲಿ ಹೊಸ ಸಂಪುಟ ಅದನ್ನು ಹಿಂತೆಗೆಯುವ ತೀರ್ಮಾನ ಮಾಡಿತು. ಕಾನೂನು ಬಂದರೂ ಹೋದರೂ, ಪೆಟ್ಟಿಗೆ ಹಿಡಿದ ಪಾಸ್ಟರನಿಗೆ ಯಾಕೆ ಬಂದ್ರಿ ಎಂದು ಯಾರಾದರೂ ಕೇಳಿದರೆ ಇವತ್ತು ಆ ಪ್ರಶ್ನೆಯ ತೂಕವೇ ಬೇರೆ. ಅವತ್ತು ನನ್ನನ್ನು ಬಿಡಿಸಿದ್ದು ಅಜ್ಜಿಯ ಪಕ್ಕದ ಮನೆಯ ಹೆಂಗಸು. ಹಣೆ ತುಂಬ ವಿಭೂತಿ, ಮೂಗಿಗೆ ಸೆರಗು. "ನಮ್ಮಜ್ಜಿ ಐನೋರು ಕನ ಬುಡ್ರಪ್ಪ. ಎರಡು ತಿಂಗ್ಳಿಂದ ದಾರಿ ನೋಡ್ತಾವ್ಳೆ" ಎಂದು ಗದರಿದರು.

ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಬಿಳಿ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ, ಮೂಗಿನ ಮೇಲೆ ಮೊಮ್ಮಗ ಕಳಿಸಿದ ನೀಲಿ ಮಾಸ್ಕು. ಚೊಂಬಿನಲ್ಲಿ ನೀರು ಕೊಟ್ಟು ಕೈಕಾಲು ತೊಳೆಯಲು ಹೇಳಿದರು. ತೊಳೆದ ಮೇಲೆ ನಾನು ಸ್ಯಾನಿಟೈಸರ್ ಹಚ್ಚಿಕೊಂಡೆ. ಆ ಸ್ಪಿರಿಟ್ಟಿನ ವಾಸನೆಗೆ ಅಜ್ಜಿ ಮುಖ ಸಿಂಡರಿಸಿ, "ಸಾರಾಯಿ ಹಾಕ್ಕಂಡು ಭೋಜನ ಕೊಡ್ತೀರಾ" ಅಂದರು. ಕ್ರಮವನ್ನು ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ. ಎರಡು ತಿಂಗಳಿಂದ ಪರದೆಗೆ ಓದಿ ಓದಿ ಅಭ್ಯಾಸವಾಗಿ ನನ್ನ ಕಣ್ಣು ಮೂಲೆಯಲ್ಲಿ ಅಂಕಿ ಹುಡುಕಿತು. ಅಲ್ಲಿ ಇದ್ದದ್ದು ತುಳಸಿಕಟ್ಟೆಯ ಪಕ್ಕ ನಿಂತು ನೋಡುತ್ತಿದ್ದ ಮೂರು ಮಕ್ಕಳು.

ರೊಟ್ಟಿ ಕೊಡುವ ಹೊತ್ತಿಗೆ ಅಜ್ಜಿ ಎರಡೂ ಕೈ ಒಂದರ ಮೇಲೊಂದಿಟ್ಟು ಚಾಚಿದರು. ಹೊಲದಲ್ಲಿ ಸವೆದು ಬೆರಳುಗಳು ಬಾಗಿದ್ದವು, ಪೂರ್ತಿ ಬಿಚ್ಚುತ್ತಿರಲಿಲ್ಲ. ಆ ಬಾಗಿದ ಬೆರಳುಗಳ ನಡುವೆ ರೊಟ್ಟಿಯ ಚೂರು ಇಟ್ಟೆ. ಮಾಸ್ಕು ಕೆಳಗೆಳೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ, ತುಂಬ ನಿಧಾನವಾಗಿ ಅಗಿದರು. ಹಲ್ಲಿರಲಿಲ್ಲ.

ಎಲ್ಲ ಮುಗಿಸಿ ಪೆಟ್ಟಿಗೆ ಕಟ್ಟುತ್ತಿರುವಾಗ, "ಇರಿ, ಒಪ್ಪಿಸ್ತೀನಿ. ಏಳೂ ಬತ್ತವೆ ಈಗ" ಅಂದರು. ಬೆರಳು ಮಡಚತೊಡಗಿದರು. ಕ್ಷಮಿಸು ಅಂದದ್ದು. ಕಳ್ಳನಿಗೆ ಅಂದದ್ದು. ಇವೆರಡನ್ನು ಗಟ್ಟಿಯಾಗಿ ಹೇಳಿ ನನ್ನ ಮುಖ ನೋಡಿದರು. ತಾಯಿಗೆ ಅಂದದ್ದು. ಕೈಬಿಟ್ಟೆ ಎಂದದ್ದು. ಮುಗಿಯಿತು. ಆತ್ಮ. ಆರಕ್ಕೆ ನಿಂತಿತು. ಮಡಚದೆ ಉಳಿದ ಬೆರಳನ್ನೇ ದಿಟ್ಟಿಸುತ್ತಾ ಕೂತರು. ನಾನು ಹೇಳಬಹುದಿತ್ತು. ಹೇಳಲಿಲ್ಲ.

"ನೀರಜ್ಜಿ! ನೀರು!" ಎಂದು ತುಳಸಿಕಟ್ಟೆಯ ಕಡೆಯಿಂದ ದೊಡ್ಡ ಹುಡುಗಿ ಕಿರುಚಿದಳು.

ಒಳಗಿದ್ದ ಅವಳ ತಾಯಿಗೆ ಅಷ್ಟೇ ಕೇಳಿಸಿರಬೇಕು. "ಬಂದೋರ್ಗ ನೀರೂ ಕೊಡ್ನಿಲ್ವಾ" ಎಂದು ಗೊಣಗುತ್ತಾ, ತುಂಬಿದ ಚೊಂಬು ತಂದು ನನ್ನ ಮುಂದೆ ಇಟ್ಟು, ಮೂರು ಹೆಜ್ಜೆ ಹಿಂದೆ ಹೋಗಿ ನಿಂತರು. ನಾನು ಮಾಸ್ಕು ಇಳಿಸಿ ಎತ್ತಿ ಕುಡಿದೆ.